ಅಳದವನ ಅಳಲು

ಗದಗ ಸೀಮೆಯಲ್ಲಿ ಇಬ್ಬರು ಎದುರಾದರೆ ಮೊದಲ ಮಾತು ‘ಆರಾಮದೀರೇನ್ರಿ?’ ಎಂಬುದು. ‘ಆರಾಮ್ರಿ’ ಎಂಬ ಉತ್ತರವೂ ತುದಿನಾಲಿಗೆಯಲ್ಲೇ ಇರುತ್ತದೆ. ಕಾಯಿಲೆ ಬಿದ್ದಾಗ ಹೇಳುವುದೂ ಇದೇ ಪದ ಹಿಡಿದು: ‘ಮೈಯಾಗ ಆರಾಮಿಲ್ಲ’. ಜ್ವರ, ಕೆಮ್ಮು, ಮೊಣಕಾಲು ನೋವು ಯಾವುದಕ್ಕೂ ಈ ಮಾತು ಆಡಲು ಯಾವ ಗಂಡಸೂ ನಾಚುವುದಿಲ್ಲ. ಆದರೆ ‘ಮನಸ್ಸಿನ್ಯಾಗ ಆರಾಮಿಲ್ಲ’ ಎಂದು ಬಾಯಿಬಿಟ್ಟು ಹೇಳುವ ಗಂಡಸು ಬೆಟಗೇರಿಯ ಮಗ್ಗದ ಮನೆಯಲ್ಲಿ ಸಿಗುವುದೂ ಕಷ್ಟ, ಮುಂಡರಗಿಯ ಹೊಲದ ಬದುವಿನ ಮೇಲೆ ಸಿಗುವುದೂ ಕಷ್ಟ. ಹಾಗಾಗಿ ಅವನ ಮನಸ್ಸಿನ ಬೇನೆ ಮೈಯ ಬೇನೆಯ ಹೆಸರು ಹೊತ್ತು ದವಾಖಾನೆಗೆ ಹೋಗುತ್ತದೆ. ‘ಕೈಕಾಲಾಗ ಕಸುವಿಲ್ಲ, ತಲಿ ಭಣಭಣ ಅಂತೈತಿ, ನಿದ್ದಿ ಹತ್ತವಲ್ದು, ಉಂಡದ್ದು ರುಚಿ ಹತ್ತವಲ್ದು’ ಎನ್ನುತ್ತಾನೆ. ಒಂದು ಸೂಜಿ ಮಾಡುತ್ತಾರೆ, ಸಲಾಯಿನ್ ಹಚ್ಚುತ್ತಾರೆ, ಗ್ಯಾಸಿನ ಗುಳಿಗೆ ಕೊಡುತ್ತಾರೆ. ಎರಡು ದಿನ ಹಗುರಾದಂತೆ ಅನಿಸಿ ಮತ್ತೆ ಅದೇ ಪಾಡು. ಈ ಬರಹದ ವಾದ ಇಷ್ಟೇ: ಗಂಡಸಿನ ಖಿನ್ನತೆ ಬಹಳ ಸಲ ಕಣ್ಣೀರಾಗಿ ಹೊರಬರುವುದಿಲ್ಲ, ಸಿಡುಕಾಗಿ, ಕುಡಿತವಾಗಿ, ಮೈಕೈ ನೋವಾಗಿ, ಮೌನವಾಗಿ ಬರುತ್ತದೆ. ನಾವು ಕಣ್ಣೀರನ್ನಷ್ಟೇ ಹುಡುಕುತ್ತಿರುವುದರಿಂದ ಅದು ನಮ್ಮ ಕಣ್ಣೆದುರೇ ಇದ್ದರೂ ಕಾಣುವುದಿಲ್ಲ. ಗುರುತು ಹಿಡಿಯುವ ಬಗೆ ಬದಲಾದರೆ ಎಷ್ಟೋ ಜೀವ ಉಳಿಯುತ್ತವೆ, ಎಷ್ಟೋ ಮನೆ ನೆಮ್ಮದಿ ಕಾಣುತ್ತವೆ.

ಮೊದಲು ಲೆಕ್ಕ ನೋಡೋಣ, ಏಕೆಂದರೆ ಲೆಕ್ಕದಲ್ಲೇ ಒಂದು ಒಗಟಿದೆ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಪ್ರತಿ ಇಪ್ಪತ್ತು ವಯಸ್ಕರಲ್ಲಿ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಅನುಭವಿಸಿದ್ದರು. ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ಕಾಯಿಲೆ ಇದ್ದವರಲ್ಲಿ ಶೇ 85ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಜಗತ್ತಿನ ಬಹುತೇಕ ಸಮೀಕ್ಷೆಗಳು ಖಿನ್ನತೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಎನ್ನುತ್ತವೆ. ಈಗ ಇನ್ನೊಂದು ದಾಖಲೆಗೆ ಬನ್ನಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924 ಮಂದಿ. ಅವರಲ್ಲಿ 1,22,724 ಮಂದಿ ಗಂಡಸರು, ಅಂದರೆ ನೂರಕ್ಕೆ 72. ಅದೇ ವರ್ಷ ಕೃಷಿಯನ್ನೇ ನಂಬಿದವರಲ್ಲಿ 11,290 ಮಂದಿ ಹೀಗೆ ಸತ್ತರು, ಅದರಲ್ಲಿ 2,392 ಮಂದಿ ಕರ್ನಾಟಕದವರು. ರೈತರೆಂದು ದಾಖಲಾದ 5,207 ಮಂದಿಯಲ್ಲಿ 208 ಮಂದಿಯಷ್ಟೇ ಹೆಂಗಸರು. ಪಹಣಿಯಲ್ಲಿ ಹೆಸರಿಲ್ಲದ ರೈತ ಮಹಿಳೆ ಈ ಪಟ್ಟಿಗೆ ಸೇರದೇ ಹೋಗುತ್ತಾಳೆ ಎಂಬ ಮಾತು ನಿಜ. ಅದನ್ನು ಕಳೆದು ನೋಡಿದರೂ ಅಂತರ ದೊಡ್ಡದೇ. ಆತ್ಮಹತ್ಯೆಗೆಲ್ಲ ಖಿನ್ನತೆಯೊಂದೇ ಕಾರಣವಲ್ಲ. ಆದರೂ ಅದು ಅದರ ಮುಖ್ಯ ಹಾದಿಗಳಲ್ಲಿ ಒಂದು ಎಂಬುದರಲ್ಲಿ ವೈದ್ಯಲೋಕಕ್ಕೆ ಅನುಮಾನವಿಲ್ಲ. ಹಾಗಿದ್ದ ಮೇಲೆ ಖಿನ್ನತೆ ಕಡಿಮೆ ಇದೆ ಎನ್ನಲಾದ ಗಂಡಸರೇ ಇಷ್ಟು ಹೆಚ್ಚು ಸಾಯುವುದೇಕೆ? ಸಾವಿನ ಸಾಧನ ಕೈಗೆ ಹತ್ತಿರ ಇರುವುದು, ಕುಡಿತ, ದುಡುಕು ಎಲ್ಲವೂ ಇದರಲ್ಲಿ ಸೇರಿವೆ. ಇವುಗಳ ಜೊತೆ ಇನ್ನೊಂದು ಉತ್ತರವನ್ನೂ ಎದುರಿಸಬೇಕು: ಗಂಡಸರ ಖಿನ್ನತೆಯನ್ನು ನಾವು ಎಣಿಸುವಾಗಲೇ ತಪ್ಪುತ್ತಿದ್ದೇವೆ.

ಇದು ಬರೀ ಊಹೆಯಲ್ಲ. ಸ್ವೀಡನ್ನಿನ ಗಾಟ್ಲ್ಯಾಂಡ್ ಎಂಬ ದ್ವೀಪದಲ್ಲಿ 1983-84ರಲ್ಲಿ ಅಲ್ಲಿನ ಸಾಮಾನ್ಯ ವೈದ್ಯರಿಗೆಲ್ಲ ಖಿನ್ನತೆಯನ್ನು ಗುರುತಿಸಿ ಚಿಕಿತ್ಸೆ ಕೊಡುವ ತರಬೇತಿ ನೀಡಿದರು. ಆತ್ಮಹತ್ಯೆ ಇಳಿಯಿತು. ಆದರೆ ಮನೋವೈದ್ಯ ವುಲ್ಫ್‌ಗ್ಯಾಂಗ್ ರುಟ್ಸ್ ಮತ್ತು ಸಂಗಡಿಗರು ಅಂಕಿಗಳನ್ನು ಬಿಡಿಸಿ ನೋಡಿದಾಗ ಇಳಿದದ್ದು ಹೆಚ್ಚಾಗಿ ಹೆಂಗಸರ ಸಾವು ಎಂದು ತಿಳಿಯಿತು. ಗಂಡಸರ ಸಂಖ್ಯೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ತರಬೇತಿ ಪಡೆದ ವೈದ್ಯರ ಬಳಿಗೆ ಆ ಗಂಡಸರಲ್ಲಿ ಹೆಚ್ಚಿನವರು ಬಂದೇ ಇರಲಿಲ್ಲ. ಬಂದವರೂ ದುಃಖವನ್ನು ಹೇಳಿಕೊಂಡಿರಲಿಲ್ಲ. ಅವರಲ್ಲಿ ಕಂಡದ್ದು ಸಿಟ್ಟು, ಕುಡಿತ, ಸಣ್ಣ ಒತ್ತಡವನ್ನೂ ತಾಳಲಾಗದ ಸ್ಥಿತಿ. ಇದನ್ನು ಅಳೆಯಲೆಂದೇ ಆಮೇಲೆ ಗಂಡಸರ ಖಿನ್ನತೆಗೆ ಬೇರೆ ಪ್ರಶ್ನಾವಳಿ ರೂಪಿಸಿದರು. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ರಾಷ್ಟ್ರಮಟ್ಟದ ಸಮೀಕ್ಷೆಯ ಉತ್ತರಗಳನ್ನೇ ಮತ್ತೆ ಕೈಗೆತ್ತಿಕೊಂಡು, ಸಿಟ್ಟಿನ ಸ್ಫೋಟ, ಅಮಲು, ಅಪಾಯಕ್ಕೆ ಮೈಯೊಡ್ಡುವ ನಡತೆಗಳನ್ನು ಲಕ್ಷಣಗಳಾಗಿ ಎಣಿಸಿತು. ಆಗ ಗಂಡಸರಲ್ಲಿ ಶೇ 26.3, ಹೆಂಗಸರಲ್ಲಿ ಶೇ 21.9 ಮಂದಿ ಆ ಅಳತೆಗೆ ಸಿಕ್ಕರು. ಹಳೆಯ ಲಕ್ಷಣ, ಹೊಸ ಲಕ್ಷಣ ಎರಡನ್ನೂ ಕೂಡಿಸಿದಾಗ ಗಂಡು ಹೆಣ್ಣಿನ ನಡುವಿನ ಅಂತರವೇ ಹೆಚ್ಚುಕಡಿಮೆ ಅಳಿಸಿಹೋಯಿತು. ಒಂದು ದೇಶದ ಒಂದು ಅಧ್ಯಯನದಿಂದ ಲೋಕದ ತೀರ್ಪು ಹೇಳಲಾಗದು. ಸಿಟ್ಟು ಬಂದವರೆಲ್ಲ ರೋಗಿಗಳು ಎಂಬ ಅರ್ಥವೂ ಅದಕ್ಕಿಲ್ಲ. ಆದರೆ ಒಂದು ಎಚ್ಚರ ಅದರಲ್ಲಿದೆ: ಜರಡಿಯ ಕಣ್ಣು ಬದಲಿಸಿದರೆ ಅದರಲ್ಲಿ ಉಳಿಯುವ ಕಾಳೂ ಬದಲಾಗುತ್ತದೆ.

ಹಾಗಾದರೆ ನಮ್ಮ ಸೀಮೆಯ ಗಂಡಸಿನಲ್ಲಿ ಏನನ್ನು ನೋಡಬೇಕು? ವೈದ್ಯಶಾಸ್ತ್ರದ ಪುಸ್ತಕ ಮುಖ್ಯವಾಗಿ ಎರಡು ಲಕ್ಷಣ ಹೇಳುತ್ತದೆ: ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ, ದಿನದ ಬಹುಪಾಲು, ಮನಸ್ಸು ಕುಗ್ಗಿರುವುದು, ಮೊದಲು ಪ್ರೀತಿಯಿಂದ ಮಾಡುತ್ತಿದ್ದುದರಲ್ಲಿ ಆಸಕ್ತಿ ಬತ್ತಿಹೋಗುವುದು. ಜೊತೆಗೆ ನಿದ್ದೆ, ಹಸಿವು, ಶಕ್ತಿ, ಗಮನ ಕೆಡುವುದು, ತಾನು ಯಾತಕ್ಕೂ ಬಾರದವನೆಂಬ ಭಾವ, ಸಾವಿನ ಯೋಚನೆ. ‘ಆಸಕ್ತಿ ಬತ್ತುವುದು’ ಎಂಬ ಪುಸ್ತಕದ ಮಾತು ಶಿರಹಟ್ಟಿಯ ಓಣಿಯಲ್ಲಿ ಕಾಣುವುದು ಬೇರೆ ರೂಪದಲ್ಲಿ. ಸೋಮವಾರದ ಭಜನೆ ತಪ್ಪಿಸದವನು ತಿಂಗಳಿಂದ ತಾಳ ಮುಟ್ಟಿಲ್ಲ. ಕಾರಹುಣ್ಣಿಮೆಗೆ ವಾರ ಮೊದಲೇ ಎತ್ತಿನ ಮೈ ತಿಕ್ಕಿ ಕೋಡಿಗೆ ಬಣ್ಣ ಹಚ್ಚುತ್ತಿದ್ದವನು ಈ ಸಲ ‘ನೀವ ಮಾಡ್ರಿ’ ಎಂದು ಹಾಸಿಗೆಯಲ್ಲೇ ಹೊರಳಿದ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಹೊರಟರೂ ಅವನಿಗೆ ಅದು ಬೇಡ. ಲಕ್ಷ್ಮೇಶ್ವರದ ಪೇಟೆಯಲ್ಲಿ ಮೆಣಸಿನಕಾಯಿ, ಶೇಂಗಾ ದರ ಏನಾಯಿತೆಂದು ದಿನಾ ಕೇಳುತ್ತಿದ್ದವನು ಈಗ ಕೇಳುವುದಿಲ್ಲ. ಬೆಳಗಿನ ಮೂರು ನಾಲ್ಕಕ್ಕೇ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದೆ ಕಟ್ಟೆಯ ಮೇಲೆ ಒಬ್ಬನೇ ಕೂಡುತ್ತಾನೆ. ಮಕ್ಕಳ ಗದ್ದಲಕ್ಕೆ ತಟ್ಟೆ ಎಸೆಯುತ್ತಾನೆ. ವಾರಕ್ಕೊಮ್ಮೆ ಇದ್ದ ಕುಡಿತ ದಿನಾ ಆಗಿದೆ. ಬೈಕನ್ನು ಜೀವದ ಹಂಗಿಲ್ಲದಂತೆ ಓಡಿಸುತ್ತಾನೆ. ಇಲ್ಲವೇ ಹಗಲು ರಾತ್ರಿ ಮಗ್ಗದ ಮುಂದೆಯೇ ಕೂತು, ಕೆಲಸದಲ್ಲಿ ಮುಖ ಮರೆಸಿಕೊಳ್ಳುತ್ತಾನೆ. ಇವುಗಳಲ್ಲಿ ಒಂದೊಂದನ್ನೇ ಹಿಡಿದರೆ ಏನೂ ಹೇಳಲಾಗದು. ಮೂರು ನಾಲ್ಕು ಕೂಡಿ ಬಂದು, ಎರಡು ವಾರ ದಾಟಿ, ‘ಇವನು ಮೊದಲಿನಂಗ ಇಲ್ಲ’ ಎಂದು ಮನೆಯವರಿಗೆ ಅನಿಸಿದರೆ ಅದನ್ನು ಕಾಯಿಲೆಯ ಸುಳಿವೆಂದೇ ತಿಳಿಯಬೇಕು.

ಗಂಡಸಿಗೆ ಇದನ್ನು ಹೇಳಿಕೊಳ್ಳಲು ಏಕೆ ಆಗುವುದಿಲ್ಲ? ‘ಗಂಡಸಾಗಿ ಅಳತೀಯೇನು’ ಎಂಬ ಮಾತನ್ನು ಹುಡುಗ ಐದನೇ ವಯಸ್ಸಿಗೇ ಕೇಳಿರುತ್ತಾನೆ. ಅಲ್ಲಿಂದ ಮುಂದೆ ದುಃಖಕ್ಕೆ ಇದ್ದ ಮಾತುಗಳೆಲ್ಲ ಒಂದೊಂದಾಗಿ ಅವನ ಬಾಯಿಂದ ಜಾರಿಹೋಗುತ್ತವೆ, ಸಿಟ್ಟಿನ ಮಾತಷ್ಟೇ ಉಳಿಯುತ್ತದೆ, ಏಕೆಂದರೆ ಸಿಟ್ಟು ಗಂಡಸಿಗೆ ಒಪ್ಪುತ್ತದೆ ಎಂದು ಎಲ್ಲರೂ ಹೇಳಿಕೊಟ್ಟಿದ್ದಾರೆ. ಇದರ ಮೇಲೆ ಈ ನೆಲದ ದುಡಿಮೆಯ ಸ್ವಭಾವವನ್ನೂ ಇಡಬೇಕು. ಗದಗ ಜಿಲ್ಲೆ ಎರೆಮಣ್ಣಿನ, ಕಡಿಮೆ ಮಳೆಯ ಸೀಮೆ. ಹೆಸರು ಕಟಾವಿಗೆ ಬಂದಾಗ ಜಡಿಮಳೆ ಹಿಡಿದರೆ ಕಾಯಿ ಗಿಡದಲ್ಲೇ ಮೊಳಕೆಯೊಡೆಯುತ್ತದೆ. ಹಿಂಗಾರಿಯ ಕಡಲೆ, ಬಿಳಿಜೋಳಕ್ಕೆ ಬೇಕಾದಾಗ ಹಸಿಯೇ ಇರುವುದಿಲ್ಲ. ಉಳ್ಳಾಗಡ್ಡಿಯ ದರ ಕಿತ್ತ ಕೂಲಿಯನ್ನೂ ಹುಟ್ಟಿಸದ ವರ್ಷಗಳಿವೆ. ಬೆಳೆ ಹೋದಾಗ ಗೋವಾಕ್ಕೋ ಮಂಗಳೂರಿಗೋ ಬೆಂಗಳೂರಿಗೋ ಗುಳೆ ಹೋಗುವ ಗಂಡಸು ಶೆಡ್ಡಿನಲ್ಲಿ ಒಂಟಿ. ಬೆಟಗೇರಿಯ ನೇಕಾರನ ಮಗ್ಗ ಮನೆಯೊಳಗೇ ಇರುವುದರಿಂದ ನೂಲಿನ ದರದ ಚಿಂತೆ ಊಟದ ತಟ್ಟೆಯ ತನಕ ಬರುತ್ತದೆ. ‘ಮನೆ ನಡೆಸುವವನು’ ಎಂಬುದೇ ತನ್ನ ಬೆಲೆ ಎಂದು ನಂಬಿ ಬೆಳೆದವನಿಗೆ, ಮನೆ ನಡೆಸಲಾಗದ ವರ್ಷದಲ್ಲಿ ತನ್ನ ಬೆಲೆಯೇ ಹೋದಂತೆ ಕಾಣುತ್ತದೆ. ಆ ಅವಮಾನವನ್ನು ಅವನು ಹೆಂಡತಿಗೆ ಹೇಳಲಾರ, ಅಣ್ಣತಮ್ಮಂದಿರಿಗಂತೂ ಹೇಳಲಾರ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ತೂಕದ ಆಕ್ಷೇಪವೇ. ‘ಸಾಲ ಮೈಮೇಲೆ ಬಂದಿದೆ, ಮಳೆ ಕೈಕೊಟ್ಟಿದೆ. ಇದಕ್ಕೆ ಗುಳಿಗೆ ಏನು ಮಾಡುತ್ತದೆ? ರೈತನ ಕಷ್ಟವನ್ನು ಅವನ ತಲೆಯ ದೋಷ ಎಂದು ಕರೆದು ಸರ್ಕಾರದ ಹೊಣೆ ತಪ್ಪಿಸುತ್ತೀರಾ?’ ಹಾಗೆ ತಪ್ಪಿಸುವುದು ಅನ್ಯಾಯವೇ. ಸಾಲದ ನ್ಯಾಯ ಸಾಲದ ಕಣದಲ್ಲೇ ಸಿಗಬೇಕು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದ್ದು, ಸಾಲಗಾರ ರೈತ ಸಾಹುಕಾರನ ಮುಂದೆ ಒಬ್ಬನೇ ನಿಲ್ಲಬಾರದು ಎಂದು. ಮೈಕ್ರೊಫೈನಾನ್ಸ್ ವಸೂಲಿಗಾರರ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದದ್ದೂ ಆ ಕಣದ ಕೆಲಸವೇ. ಆದರೆ ಕಾರಣ ಹೊರಗಿದೆ ಎಂದ ಮಾತ್ರಕ್ಕೆ ಕಾಯಿಲೆ ಒಳಗಿಲ್ಲ ಎಂದಾಗುವುದಿಲ್ಲ. ಎತ್ತು ಹಾಯ್ದು ಕಾಲು ಮುರಿದರೆ ತಪ್ಪು ಎತ್ತಿನದು. ಆದರೂ ಮೂಳೆಗೆ ಪಟ್ಟು ಹಾಕಿಸಲೇಬೇಕು. ಒಂದೇ ಊರಿನಲ್ಲಿ ಒಂದೇ ಬರ, ಹೆಚ್ಚುಕಡಿಮೆ ಒಂದೇ ಸಾಲ ಇದ್ದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಹೇಗೋ ದಾರಿ ಹುಡುಕುತ್ತಾರೆ, ಒಬ್ಬನಿಗೆ ದಾರಿಯೇ ಕಾಣುವುದಿಲ್ಲ. ಆ ದಾರಿ ಮುಚ್ಚಿದಂತೆ ತೋರಿಸುವುದು ಖಿನ್ನತೆಯ ಕೆಲಸ. ಬ್ಯಾಂಕಿನವರೊಡನೆ ಮಾತಾಡಿ ಕಂತು ಹಿಂದುಮುಂದು ಮಾಡಿಸಲು, ಬೆಳೆವಿಮೆಯ ಕಾಗದ ತುಂಬಲು, ಮುಂದಿನ ಹಂಗಾಮಿಗೆ ಬೀಜ ಹೊಂದಿಸಲು ಬೇಕಾದ ತಲೆಯನ್ನೇ ಅದು ಕಸಿಯುತ್ತದೆ. ಖಿನ್ನತೆಗೆ ಚಿಕಿತ್ಸೆ ಆದರೆ ಸಾಲ ತೀರುವುದಿಲ್ಲ. ಸಾಲ ತೀರಿಸುವ ಮನುಷ್ಯ ಉಳಿಯುತ್ತಾನೆ.

ಎರಡನೆಯ ಆಕ್ಷೇಪ ಮನೆಯೊಳಗಿನದು: ‘ಅವನಿಗೆ ಖಿನ್ನತೆಯೂ ಇಲ್ಲ, ಏನೂ ಇಲ್ಲ, ಕುಡಿದು ಕೆಟ್ಟಿದ್ದಾನೆ’. ಕುಡಿತ ಮೊದಲೋ ಖಿನ್ನತೆ ಮೊದಲೋ ಎಂಬುದನ್ನು ಹೊರಗಿನಿಂದ ಹೇಳುವುದು ಕಷ್ಟ. ನಿದ್ದೆಗೆಂದು, ಎದೆಯ ಭಾರ ಇಳಿಯಲೆಂದು ಕುಡಿಯಲು ಹಿಡಿದವನಿಗೆ ಅದೇ ಕುಡಿತ ಮೂರು ತಾಸಿನ ಮಂಪರು ಕೊಟ್ಟು, ನಡುರಾತ್ರಿ ಎಬ್ಬಿಸಿ, ಮರುದಿನ ಮನಸ್ಸನ್ನು ಇನ್ನಷ್ಟು ಕುಗ್ಗಿಸುತ್ತದೆ. ಎರಡೂ ಒಂದನ್ನೊಂದು ಬೆಳೆಸುವುದರಿಂದ ಎರಡಕ್ಕೂ ಒಟ್ಟಿಗೆ ಮದ್ದು ಬೇಕು. ಆಣೆ ಮಾಡಿಸಿ ಬಿಡಿಸಿದ ಕುಡಿತ ಮೂರು ತಿಂಗಳಲ್ಲಿ ಮರಳಿ ಬಂದರೆ ಅವನನ್ನು ಮಾತುತಪ್ಪಿದವನೆಂದು ಬೈಯುವ ಮೊದಲು, ಒಳಗಿನ ಬೇನೆಯನ್ನು ನಾವು ಮುಟ್ಟಿಯೇ ಇರಲಿಲ್ಲವೇನೋ ಎಂದು ಕೇಳಿಕೊಳ್ಳಬೇಕು. ಇಲ್ಲೇ ಹೆಣ್ಣುಮಕ್ಕಳು ಎತ್ತುವ ಇನ್ನೊಂದು ಪ್ರಶ್ನೆಯೂ ಇದೆ: ಗಂಡನ ಸಿಟ್ಟಿಗೆ, ಹೊಡೆತಕ್ಕೆ ‘ಪಾಪ, ಖಿನ್ನತೆ’ ಎಂಬ ನೆಪ ಕೊಟ್ಟಂತಾಗಲಿಲ್ಲವೇ? ಆಗಬಾರದು. ಖಿನ್ನತೆ ಬಂದ ಬಹಳ ಗಂಡಸರು ಯಾರ ಮೇಲೂ ಕೈ ಎತ್ತುವುದಿಲ್ಲ. ಕೈ ಎತ್ತುವ ಬಹಳ ಗಂಡಸರಿಗೆ ಖಿನ್ನತೆ ಇರುವುದಿಲ್ಲ. ಕಾಯಿಲೆ ಸಿಡುಕಿಗೆ ಕಾರಣ ಹೇಳಬಹುದು, ಹಿಂಸೆಗೆ ಪರವಾನಗಿ ಕೊಡುವುದಿಲ್ಲ. ಪೆಟ್ಟು ತಿನ್ನುವ ಹೆಣ್ಣಿನ ಸುರಕ್ಷೆ ಮೊದಲು, ಗಂಡಸಿನ ಚಿಕಿತ್ಸೆ ಆಮೇಲೆ. ಹೆಂಗಸರ ಖಿನ್ನತೆಯೂ ಇಲ್ಲಿ ಕಡಿಮೆ ಇಲ್ಲ, ಅದರ ಭಾರವೂ ಹಗುರಲ್ಲ. ಗಂಡಸರ ಬಗ್ಗೆ ಬೇರೆಯಾಗಿ ಬರೆಯಬೇಕಾದದ್ದು ಅವರ ಬೇನೆ ಬೇರೆ ಮುಖ ಹೊತ್ತು ಬರುವುದರಿಂದ.

‘ನಮ್ಮ ಹಿರಿಯರು ಬರಗಾಲ ಕಂಡವರು, ಅವರಿಗೆ ಇಂಥ ರೋಗ ಇರಲಿಲ್ಲ, ಈಗಿನವರಿಗೆ ಗಟ್ಟಿತನ ಇಲ್ಲ’ ಎಂಬುದು ಮೂರನೆಯ ಮಾತು. ಹಿರಿಯರಿಗೆ ರೋಗದ ಹೆಸರು ಇರಲಿಲ್ಲ ಎನ್ನಬಹುದು. ರೋಗ ಇರಲಿಲ್ಲ ಎನ್ನಲಾಗದು. ‘ಗಾಳಿ ಸೋಕೈತಿ’, ‘ಯಾರೋ ಮಾಟ ಮಾಡಿಸ್ಯಾರ’, ‘ಮಂಕು ಬಡದೈತಿ’ ಎಂಬ ಮಾತುಗಳನ್ನು ನಮಗೆ ಕೊಟ್ಟವರು ಅವರೇ ತಾನೆ? ಮನೆ ಬಿಟ್ಟು ಹೋಗಿ ಮರಳದವರ ಕಥೆಗಳು ಎಷ್ಟೋ ಮನೆತನಗಳಲ್ಲಿ ಇವೆ. ಖಿನ್ನತೆ ಎಂಬುದು ಮಿದುಳಿನ ಕೆಲಸ, ದೇಹದ ಸ್ಥಿತಿ, ಬದುಕಿನ ಪೆಟ್ಟು ಎಲ್ಲ ಕೂಡಿ ಆಗುವ ಕಾಯಿಲೆ. ಥೈರಾಯ್ಡ್ ಏರುಪೇರು, ಬಿ-12 ಜೀವಸತ್ವದ ಕೊರತೆ ಇದೇ ಬಗೆಯ ಲಕ್ಷಣ ತೋರಿಸಬಲ್ಲವು. ಸಕ್ಕರೆ ಕಾಯಿಲೆ ಇದ್ದವರಿಗೆ ಖಿನ್ನತೆಯ ಸಂಭವ ಹೆಚ್ಚು. ಮನಸ್ಸು ಗಟ್ಟಿ ಮಾಡಿಕೊಂಡರೆ ಸಕ್ಕರೆ ಇಳಿಯುವುದಿಲ್ಲ ಎಂದು ಒಪ್ಪುವವರು, ಮನಸ್ಸೇ ಕಾಯಿಲೆ ಬಿದ್ದಾಗ ಅದರಿಂದಲೇ ಗಟ್ಟಿತನ ಕೇಳುವುದು ಸರಿಯೇ? ದೇವರು, ಮಠ, ಭಜನೆಗಳಿಗೆ ಇಲ್ಲಿ ಜಾಗವಿಲ್ಲ ಎಂದು ನಾನು ಹೇಳುತ್ತಿಲ್ಲ. ಶಿರಹಟ್ಟಿಯ ಫಕೀರೇಶ್ವರ ಮಠ, ಮುಂಡರಗಿಯ ಅನ್ನದಾನೀಶ್ವರ ಮಠ, ಗದುಗಿನ ತೋಂಟದಾರ್ಯ ಮಠ, ವೀರೇಶ್ವರ ಪುಣ್ಯಾಶ್ರಮಗಳಿಗೆ ಸಾವಿರಾರು ಗಂಡಸರು ಮನಸ್ಸಿನ ಭಾರ ಹೊತ್ತೇ ಬರುತ್ತಾರೆ. ಅಲ್ಲಿ ಸಿಗುವ ಸಮಾಧಾನ ನಿಜವಾದದ್ದು. ಪ್ರವಚನದ ಕಟ್ಟೆಯಿಂದ ‘ಇದೂ ಒಂದು ಕಾಯಿಲೆ, ದವಾಖಾನೆಗೆ ಹೋಗಿ ತೋರಿಸಿಕೊಳ್ಳಿ’ ಎಂಬ ಒಂದು ಮಾತು ಬಂದರೆ, ಅದಕ್ಕೆ ನೂರು ಗೋಡೆಬರಹಕ್ಕಿಂತ ಹೆಚ್ಚು ಬಲ ಇರುತ್ತದೆ.

ಇನ್ನು ಔಷಧಿಯ ಭಯ. ‘ಒಮ್ಮೆ ಗುಳಿಗಿ ಚಾಲೂ ಮಾಡಿದ್ರ ಜೀವನಪೂರ್ತಿ ನುಂಗಬೇಕು, ಮಂಕು ಕವಿತೈತಿ’ ಎಂಬ ಮಾತು ಊರೂರಲ್ಲಿದೆ. ಖಿನ್ನತೆಗೆ ವೈದ್ಯರು ಸಾಮಾನ್ಯವಾಗಿ ಬರೆಯುವ ಔಷಧಿಗಳು ಅಮಲು ಹಿಡಿಸುವಂಥವಲ್ಲ. ಅಂಗಡಿಯಿಂದ ಕೇಳಿ ತಂದು ನುಂಗುವ ನಿದ್ದೆಗುಳಿಗೆಯೇ ಚಟವಾಗುವ ವಸ್ತು. ಜನ ಎರಡನ್ನೂ ಒಂದೇ ಎಂದುಕೊಂಡಿದ್ದಾರೆ. ಖಿನ್ನತೆಯ ಔಷಧಿ ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ ಬೇಕು. ವಾರದೊಳಗೆ ಗುಣ ಕಾಣಲಿಲ್ಲವೆಂದು ಬಿಡುವುದು ಒಂದು ತಪ್ಪು. ಚಲೋ ಅನಿಸಿದ ದಿನವೇ ಬಿಡುವುದು ಎರಡನೆಯ ತಪ್ಪು. ಗುಣವಾದ ಮೇಲೂ ಆರು ತಿಂಗಳಾದರೂ ಮುಂದುವರಿಸಿ, ವೈದ್ಯರು ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಎಲ್ಲರಿಗೂ ಔಷಧಿಯೇ ಬೇಕು ಎಂದೂ ಇಲ್ಲ. ನಮ್ಮ ದುಡಿಯುವ ಗಂಡಸರು ಗುಳೆ ಹೋಗುವ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಒಂದು ಪ್ರಯೋಗ ನಡೆಸಿದರು. ಮೊದಲು ಇಂಥ ಕೆಲಸ ಮಾಡಿರದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ತೀವ್ರ ಖಿನ್ನತೆ ಇದ್ದವರೊಡನೆ ಆರರಿಂದ ಎಂಟು ಭೇಟಿ ಮಾತುಕತೆ ಮಾಡಿಸಿದರು. ನಿಂತುಹೋದ ದಿನಚರಿಯನ್ನು ಸಣ್ಣ ಸಣ್ಣ ಕೆಲಸಗಳಿಂದ ಮತ್ತೆ ಹಚ್ಚುವುದೇ ಅದರ ತಿರುಳು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಈ ಮಾತುಕತೆ ಸಿಕ್ಕವರಲ್ಲಿ ಮೂರು ತಿಂಗಳಿಗೆ ಶೇ 64 ಮಂದಿಯ ಖಿನ್ನತೆ ಇಳಿದಿತ್ತು. ಎಂದಿನ ಆರೈಕೆಯಷ್ಟೇ ಸಿಕ್ಕವರಲ್ಲಿ ಶೇ 39 ಮಂದಿಯದು. ಅಲ್ಲಿಯೂ ಬಂದವರಲ್ಲಿ ಹೆಚ್ಚಿನವರು ಹೆಂಗಸರೇ. ಮದ್ದು ಇದೆ, ಅದು ಕೆಲಸವನ್ನೂ ಮಾಡುತ್ತದೆ. ಗಂಡಸರು ಬಾಗಿಲ ತನಕ ಬರುತ್ತಿಲ್ಲ.

ಬಾಗಿಲು ಎಂದೊಡನೆ ನಮ್ಮ ಕಡೆ ಕಣ್ಣಿಗೆ ಬರುವುದು ಧಾರವಾಡ. ‘ನಿನ್ನ ಧಾರವಾಡಕ್ಕ ಒಯ್ಯಬೇಕಾಗತೈತಿ’ ಎಂಬುದು ನಮ್ಮಲ್ಲಿ ಬೈಗುಳ. ಹತ್ತೊಂಬತ್ತನೇ ಶತಮಾನದ ಹುಚ್ಚಾಸ್ಪತ್ರೆಯ ನೆನಪು ಆ ಊರಿನ ಹೆಸರಿಗೇ ಅಂಟಿದೆ. ಅದು ಇಂದು ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ಸಾವಿರಾರು ಮಂದಿ ಹೊರರೋಗಿಗಳಾಗಿ ಬಂದು ತೋರಿಸಿಕೊಂಡು ಸಂಜೆಗೆ ಮನೆ ಸೇರುವ ಜಾಗ. ಆದರೆ ಖಿನ್ನತೆಗೆ ಮೊದಲ ಹೆಜ್ಜೆಯನ್ನು ಅಲ್ಲಿಗೇ ಇಡಬೇಕಾಗಿಲ್ಲ. ಮನಸ್ಸಿನ ಚಿಕಿತ್ಸೆ ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಸಿಗಬೇಕು ಎಂಬ ವಿಚಾರವನ್ನು ಇಡೀ ದೇಶಕ್ಕೆ ತೋರಿಸಿಕೊಟ್ಟದ್ದು ಮುಂಡರಗಿಯಿಂದ ತುಂಗಭದ್ರೆ ದಾಟಿದರೆ ಸಿಗುವ ಅಂದಿನ ಬಳ್ಳಾರಿ ಜಿಲ್ಲೆ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಕರ್ನಾಟಕದಲ್ಲಿ ಅದರ ಜೊತೆಗೆ ‘ಮನೋಚೈತನ್ಯ’ ಎಂಬ ಏರ್ಪಾಡು ಇದೆ: ಮಂಗಳವಾರದಂದು ಸರದಿಯ ಪ್ರಕಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ನಿಮ್ಮ ತಾಲ್ಲೂಕಿನ ಸರದಿ ಯಾವ ವಾರ ಎಂಬುದನ್ನು ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯ ಬಳಿಯೋ ಮೊದಲೇ ಕೇಳಿಕೊಂಡರೆ ಕೂಲಿ ಬಿಟ್ಟು ಬಂದ ದಿನ ವ್ಯರ್ಥವಾಗುವುದಿಲ್ಲ. ಗದಗದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ, ಅಂದರೆ ಜಿಮ್ಸ್ ಇದೆ. ಊರು ಬಿಟ್ಟು ಹೊರಡಲಾಗದವರಿಗೆ, ಮುಖ ತೋರಿಸಲು ಹಿಂಜರಿಯುವವರಿಗೆ, ಗುಳೆ ಹೋದವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಪುಕ್ಕಟೆಯಾಗಿ ಕನ್ನಡದಲ್ಲೇ ಮಾತಾಡಬಹುದು. ಊರಿಗೆ ಗೊತ್ತಾಗುತ್ತದೆ ಎಂಬ ಅಂಜಿಕೆಗೆ ಕಾನೂನಿನ ಉತ್ತರವೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಸರ್ಕಾರಿ ಚಿಕಿತ್ಸೆ ಪ್ರಜೆಯ ಹಕ್ಕು, ರೋಗಿಯ ವಿವರ ಗುಟ್ಟಾಗಿರಬೇಕು, ಮೈಯ ಕಾಯಿಲೆಗೆ ಸಿಗುವಂತೆಯೇ ಇದಕ್ಕೂ ವಿಮೆ ಸಿಗಬೇಕು. ಸಾಯಲು ಯತ್ನಿಸಿ ಬದುಕಿದವನನ್ನು ಅಪರಾಧಿಯಂತೆ ಕಾಣದೆ, ತೀವ್ರ ಒತ್ತಡದಲ್ಲಿದ್ದವನೆಂದು ಭಾವಿಸಿ ಆರೈಕೆ ಮಾಡಬೇಕು ಎನ್ನುವುದೂ ಅದೇ ಕಾಯ್ದೆ.

ಇಷ್ಟೆಲ್ಲ ಇದ್ದೂ ಮೊದಲ ಹೆಜ್ಜೆಯನ್ನು ಆ ಗಂಡಸೇ ಇಡಲಿ ಎಂದು ಕಾಯುವುದು ತಪ್ಪು, ಏಕೆಂದರೆ ಹೆಜ್ಜೆ ಇಡುವ ಕಸುವನ್ನೇ ಈ ಕಾಯಿಲೆ ಕಿತ್ತುಕೊಂಡಿರುತ್ತದೆ. ಸುತ್ತಲಿನವರು ಮಾತು ತೆಗೆಯಬೇಕು. ‘ನಿಮಗ ತಲಿ ಕೆಟ್ಟೈತಿ’ ಎಂದಲ್ಲ. ‘ನಿದ್ದಿ ಇಲ್ಲದ ತಿಂಗಳಾತ್ರಿ, ನೀವು ಮೊದಲಿನಂಗ ಇಲ್ಲ, ನಾನೂ ಬರತೇನಿ, ದವಾಖಾನಿಗೆ ಹೋಗಿ ಬರೂಣು ನಡೀರಿ’ ಎಂದು ಹೆಂಡತಿ ಹೇಳಿದರೆ, ಮೈಯ ಬಾಗಿಲಿನಿಂದಲೇ ಮನಸ್ಸಿನ ಒಳಗೆ ಹೋಗಲು ದಾರಿಯಾಗುತ್ತದೆ. ಗೆಳೆಯ ಎದುರು ಕೂತು ಕೇಳುವುದಕ್ಕಿಂತ ಹೊಲದ ದಾರಿಯಲ್ಲಿ ಜೊತೆಗೆ ನಡೆಯುತ್ತ ಕೇಳಿದರೆ ಗಂಡಸಿನ ಬಾಯಿ ಬೇಗ ಬಿಚ್ಚುತ್ತದೆ. ಸೂಜಿ ಮಾಡುವ ಊರ ವೈದ್ಯರು ಮೂರನೇ ಸಲ ಅದೇ ಮೈಕೈ ನೋವು ಹೊತ್ತು ಬಂದವನಿಗೆ ‘ಮನಸ್ಸು ಹೆಂಗೈತಿ, ಮೊದಲು ಹಿಡಿಸುತ್ತಿದ್ದುದು ಈಗಲೂ ಹಿಡಿಸತೈತೇನು?’ ಎಂದು ಎರಡು ಪ್ರಶ್ನೆ ಕೇಳಲಿ. ಅದಕ್ಕೆ ಎರಡು ನಿಮಿಷ ಸಾಕು. ‘ನಾ ಇಲ್ಲದಿದ್ರ ನೀವು ಛಲೋ ಇರತೀರಿ’ ಎಂಬ ಮಾತು, ಇದ್ದಕ್ಕಿದ್ದಂತೆ ಲೇವಾದೇವಿ ಚುಕ್ತಾ ಮಾಡುವುದು, ಬಹಳ ದಿನದ ತಳಮಳದ ನಂತರ ಕಾರಣವಿಲ್ಲದ ಶಾಂತಿ ಕಂಡರೆ ಹಗುರಾಗಿ ಬಿಡಬೇಡಿ. ‘ಸಾಯೂ ವಿಚಾರ ಬರತೈತೇನು?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇರುವ ಯೋಚನೆಯ ಭಾರ ಇಳಿಯುತ್ತದೆ. ಹೌದು ಎಂದರೆ ಅವನನ್ನು ಒಬ್ಬನೇ ಬಿಡಬೇಡಿ, ಹೊಲಕ್ಕೆ ಹೊಡೆಯುವ ಎಣ್ಣೆ ಮನೆಯಲ್ಲಿದ್ದರೆ ಆ ದಿನವೇ ಬೇರೆ ಕಡೆ ಬೀಗದಲ್ಲಿಡಿ, 14416ಕ್ಕೆ ಕರೆ ಮಾಡಿ, ಅಪಾಯ ಮೀರಿದ್ದರೆ 108ಕ್ಕೆ ಮಾಡಿ ಆಸ್ಪತ್ರೆಗೆ ಸೇರಿಸಿ. ಈ ಸಾಲುಗಳನ್ನು ಓದುತ್ತಿರುವ ಗಂಡಸು ನೀವೇ ಆಗಿದ್ದು, ಮೇಲೆ ಹೇಳಿದ್ದರಲ್ಲಿ ನಿಮ್ಮ ಕಳೆದ ಎರಡು ವಾರ ಕಂಡಿದ್ದರೆ, ಯಾರೊಬ್ಬರ ಮುಂದೆಯಾದರೂ ಒಂದು ವಾಕ್ಯ ಹೇಳಿ. ಪುಸ್ತಕದ ಮಾತು ಬೇಡ, ದೊಡ್ಡ ಹೆಸರೂ ಬೇಡ. ‘ಆರಾಮದೀರೇನ್ರಿ?’ ಎಂದು ಈ ದಿನ ಯಾರಾದರೂ ಕೇಳಿಯೇ ಕೇಳುತ್ತಾರೆ. ಈ ಒಂದು ಸಲ ನಿಜ ಹೇಳಿ: ‘ಇಲ್ರಿ, ಮನಸ್ಸಿನ್ಯಾಗ ಆರಾಮಿಲ್ಲ’. ಕೇಳಿದವರು ನಿಮ್ಮ ಪಕ್ಕದಲ್ಲಿ ಕೂಡಲಿ. ಬರುವ ಮಂಗಳವಾರ ನಿಮ್ಮೊಡನೆ ಆಸ್ಪತ್ರೆಗೆ ಬರಲಿ.